ಓದುಗರ ಪ್ರಶ್ನೆ: ನಾಲ್ಕು ಬೋರ್ಡು, ಒಂದೇ ತಂಡ

ಪ್ರಶ್ನೆ: ಮಗಳು ಶಾಲಾ ಚೆಸ್ ತಂಡದಲ್ಲಿದ್ದಾಳೆ. ಕೊನೇ ಪಂದ್ಯದಲ್ಲಿ ಅವಳದೇ ಮೇಲುಗೈ ಇತ್ತು, ಆದರೆ ಕೋಚ್ ಬಂದು ಡ್ರಾ ಒಪ್ಪಿಕೋ ಅಂದರು. ತಂಡ ಗೆದ್ದಿತು, ಇವಳು ರಾತ್ರಿಯೆಲ್ಲಾ ಅತ್ತಳು. ಇದು ಸರಿನಾ?
– ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಅವಳ ಅಳು ನ್ಯಾಯವಾದದ್ದೇ, ಸುಮ್ನೆ ಬಯ್ಯಬೇಡಿ. ಆದರೆ ಕೋಚ್ ಮಾಡಿದ್ದೂ ಸರಿ. ತಂಡದ ಪಂದ್ಯ ಅಂದರೆ ನಾಲ್ಕು ಬೋರ್ಡಿನ ಆಟ, ಒಂದೊಂದರಲ್ಲೂ ಗೆದ್ದರೆ ಒಂದು ಪಾಯಿಂಟ್, ಡ್ರಾ ಆದರೆ ಅರ್ಧ. ತಂಡ ಅಷ್ಟು ಹೊತ್ತಿಗೆ 2–1ರಿಂದ ಮುಂದಿತ್ತು ಅಂದುಕೊಳ್ಳಿ, ಅರ್ಧ ಪಾಯಿಂಟ್ ಬಂದರೆ ಎರಡೂವರೆ, ಪಂದ್ಯ ನಮ್ಮದು. ದೇಶ ದೇಶದ ತಂಡಗಳು ಆಡುವ ಚೆಸ್ ಒಲಿಂಪಿಯಾಡ್‌ನಲ್ಲಿ 2008ರಿಂದ ಲೆಕ್ಕ ಹೀಗೇ ಇದೆ: ನಾಲ್ಕಕ್ಕೆ ನಾಲ್ಕೂ ಗೆಲ್ಲಿ, ಇಲ್ಲಾ ಎರಡೂವರೆಯಲ್ಲಿ ಗೆಲ್ಲಿ, ಆ ಪಂದ್ಯಕ್ಕೆ ತಂಡಕ್ಕೆ ಸಿಗೋದು ಎರಡೇ ಪಾಯಿಂಟ್. ಸಮ ಆದರೆ ಒಂದು.

2024ರ ಬುಡಾಪೆಸ್ಟ್ ಒಲಿಂಪಿಯಾಡ್ ನೆನಪಿದೆ ಅಲ್ವಾ? ಹತ್ತನೇ ರೌಂಡಿನಲ್ಲಿ ಅಮೆರಿಕದ ಎದುರು ಗುಕೇಶ್ ಕರುವಾನಾ ಅವರನ್ನು ಸೋಲಿಸಿದರು, ಅರ್ಜುನ್ ಎರಿಗೈಸಿ ಡೊಮಿಂಗೆಸ್ ಅವರನ್ನು. ಪ್ರಜ್ಞಾನಂದ ಮಾತ್ರ ವೆಸ್ಲಿ ಸೋ ಎದುರು ಸೋತರು. ಮಿಕ್ಕಿದ್ದು ನಮ್ಮ ನಾಸಿಕ್‌ನ ವಿದಿತ್ ಗುಜರಾತಿ ಬೋರ್ಡು, ಎದುರಿಗೆ ಅರೋನಿಯನ್. ವಿದಿತ್ ಡ್ರಾ ಮಾಡಿದರು, ಪಂದ್ಯ 2½–1½. ಪೇಪರಿನಲ್ಲಿ ಗೆದ್ದವರ ಫೋಟೋ ಬರುತ್ತದೆ, ಆದರೆ ಆ ಅರ್ಧ ಪಾಯಿಂಟ್ ಇಲ್ಲದಿದ್ದರೆ ಪಂದ್ಯ ಸಮ ಆಗುತ್ತಿತ್ತು. ಇದನ್ನು ಮಗಳಿಗೆ ಬೋರ್ಡಿನ ಮುಂದೆ ಕೂರಿಸಿಕೊಂಡು ತೋರಿಸಿ. ಆ ಸಲ ಭಾರತ ಹನ್ನೊಂದು ಪಂದ್ಯದಲ್ಲಿ 22ಕ್ಕೆ 21 ಪಾಯಿಂಟ್ ತೆಗೆದುಕೊಂಡು ಚಿನ್ನ ಗೆದ್ದಿತು, ಬಿಟ್ಟುಕೊಟ್ಟಿದ್ದು ಉಜ್ಬೇಕಿಸ್ತಾನದ ಜೊತೆ ಸಮವಾದ ಒಂದೇ ಪಂದ್ಯದಲ್ಲಿ.

ಒಂದು ಮಾತು ಕೋಚ್‌ಗೂ ಹೇಳಬೇಕು. ತಂಡದ ನಾಯಕ, ಅಂದರೆ ತಾನು ಆಡದೆ ತಂಡ ನೋಡಿಕೊಳ್ಳುವವರು, 'ಡ್ರಾ ಒಪ್ಪಿಕೋ', 'ಡ್ರಾ ಕೇಳು', 'ಸೋಲೊಪ್ಪಿಕೋ' ಅನ್ನಬಹುದು, ಅಷ್ಟೇ. ಬೋರ್ಡಿನ ಮೇಲೆ ಯಾರು ಚೆನ್ನಾಗಿದ್ದಾರೆ, ಯಾವ ಕಾಯಿ ನಡೆಸಬೇಕು ಅಂತ ಹೇಳುವ ಹಾಗಿಲ್ಲ. ಆದ್ದರಿಂದ ಯಾಕೆ ಹಾಗೆ ಹೇಳಿದೆ ಅನ್ನೋದನ್ನು ಪಂದ್ಯ ಮುಗಿದ ಮೇಲಾದರೂ ಮಗುವಿನ ಜೊತೆ ಕೂತು ಬಿಡಿಸಿ ಹೇಳಲೇಬೇಕು. ಅಲ್ಲಿ ಉದಾಸೀನ ಮಾಡಿದರೆ ಮಗು ತಂಡದ ಆಟವನ್ನೇ ಬಿಟ್ಟುಬಿಡುತ್ತದೆ, ನನಗೆ ಜಾಸ್ತಿ ಚಿಂತೆ ಅದರದ್ದೇ.

ಪ್ರಶ್ನೆ: ಒಲಿಂಪಿಯಾಡ್‌ನಲ್ಲಿ ಆಡೋದು ನಾಲ್ಕು ಜನ, ಹೋಗೋದು ಐದು. ಐದನೆಯವರಿಗೂ ಪದಕ ಇದೆಯಾ?
– ಪುಣೆ, ಕೋಥ್ರೂಡ್‌ನಿಂದ

ಉತ್ತರ: ಇದೆ. ಹನ್ನೊಂದು ರೌಂಡು, ಒಬ್ಬೊಬ್ಬರೂ ದಣಿಯುತ್ತಾರೆ. ಒಬ್ಬರು ಆಡದೆ ಹೊರಗೆ ಕೂತರೆ ಕೆಳಗಿನವರು ಒಂದೊಂದು ಬೋರ್ಡು ಮೇಲೆ ಬರುತ್ತಾರೆ, ಮೀಸಲು ಆಟಗಾರರು ನಾಲ್ಕನೇ ಬೋರ್ಡಿಗೆ. ಯಾರನ್ನು ಹೊರಗೆ ಕೂರಿಸೋದು ಅನ್ನೋದು ನಾಯಕನ ತಲೆನೋವು. ಬುಡಾಪೆಸ್ಟ್‌ನಲ್ಲಿ ನಮ್ಮ ಮಹಿಳಾ ತಂಡಕ್ಕೆ ಆ ಕೆಲಸ ಮಾಡಿದವರು ನಿಮ್ಮೂರಿನ ಅಭಿಜಿತ್ ಕುಂಟೆ. ಆ ತಂಡದವರು ಎಂಟನೇ ರೌಂಡಿನಲ್ಲಿ ಪೋಲೆಂಡ್ ಎದುರು ಸೋತರು, ಒಂಬತ್ತರಲ್ಲಿ ಅಮೆರಿಕದ ಜೊತೆ ಸಮ. ಆಮೇಲೆ ಚೀನಾವನ್ನೂ ಅಜರ್‌ಬೈಜಾನನ್ನೂ ಸೋಲಿಸಿ ಅವರೂ ಚಿನ್ನ ತಂದರು.

ಪ್ರಶ್ನೆ: 2025ರಲ್ಲಿ ನಮ್ಮ ಗೋವಾದಲ್ಲಿ ವಿಶ್ವಕಪ್ ಆಯಿತಲ್ಲ, ಅದೇ ಒಲಿಂಪಿಯಾಡಾ? ಇಲ್ಲಿನ ಹುಡುಗಿಯರು ಯಾರಾದರೂ ಒಲಿಂಪಿಯಾಡ್‌ವರೆಗೆ ಹೋಗಿದ್ದಾರಾ?
– ಮಡಗಾಂವ್‌ನ ವಿದ್ಯಾರ್ಥಿನಿ

ಉತ್ತರ: ಅಲ್ಲಮ್ಮ. ವಿಶ್ವಕಪ್ ಒಬ್ಬೊಬ್ಬರದೇ ಆಟ, ಸೋತವರು ಮನೆಗೆ. ಗೋವಾದಲ್ಲಿ ಗೆದ್ದದ್ದು ಉಜ್ಬೇಕಿಸ್ತಾನದ ಸಿಂದರೋವ್. ಒಲಿಂಪಿಯಾಡ್ ದೇಶ ದೇಶದ ನಡುವಿನದ್ದು, ಎರಡು ವರ್ಷಕ್ಕೊಮ್ಮೆ, 1927ರಲ್ಲಿ ಲಂಡನ್ನಿನಲ್ಲಿ ಶುರುವಾದದ್ದು.

ನಿಮ್ಮ ಗೋವಾದ ಭಕ್ತಿ ಕುಲಕರ್ಣಿ ಹೋಗಿದ್ದಾರೆ! 2022ರಲ್ಲಿ ಚೆನ್ನೈ ಹತ್ತಿರದ ಮಹಾಬಲಿಪುರದಲ್ಲಿ ಕಂಚು ಗೆದ್ದ ತಂಡದಲ್ಲಿ ಕೊನೇರು ಹಂಪಿ, ಹಾರಿಕಾ, ವೈಶಾಲಿ, ತಾನಿಯಾ ಜೊತೆ ಅವರಿದ್ದರು. ಹಾರಿಕಾ ಆಗ ತುಂಬು ಗರ್ಭಿಣಿ, ಆದರೂ ಆಡಿದರು. ಕೊನೇ ರೌಂಡಿನಲ್ಲಿ ಅಮೆರಿಕದ ಎದುರು ಸೋತದ್ದರಿಂದ ಚಿನ್ನ ತಪ್ಪಿತು, ಅವತ್ತು ನನಗೂ ಊಟ ಸೇರಲಿಲ್ಲ. ಎರಡು ವರ್ಷದ ಮೇಲೆ ಅದೇ ಹಾರಿಕಾ, ವೈಶಾಲಿ, ತಾನಿಯಾ ಬುಡಾಪೆಸ್ಟ್‌ನಲ್ಲಿ ಚಿನ್ನ ಹಾಕಿಕೊಂಡು ನಿಂತರು. ಇನ್ನೊಂದು ವಿಷಯ: ಮಹಿಳಾ ವಿಭಾಗ ಬೇರೆ ಇದೆ ನಿಜ, ಆದರೆ ಇನ್ನೊಂದು ವಿಭಾಗ ಗಂಡಸರದ್ದಲ್ಲ, ಎಲ್ಲರದ್ದು. ಹಂಗೇರಿಯ ಜೂಡಿತ್ ಪೋಲ್ಗಾರ್ ಅದರಲ್ಲೇ ಆಡಿ 2002ರಲ್ಲಿ ತಂಡದ ಜೊತೆ ಬೆಳ್ಳಿ ಗೆದ್ದರು. ನಿನ್ನ ಕಾಲೇಜಿನಲ್ಲಿ ಚೆಸ್ ತಂಡ ಇದ್ದರೆ ಹುಡುಗರ ತಂಡ ಅಂತ ಸುಮ್ನಿರಬೇಡ, ಹೋಗಿ ಹೆಸರು ಕೊಡು.