ಎಪ್ಪತ್ತು ಪುಟದ ಪ್ಲಾನಿನಲ್ಲಿ ನಿಮ್ಮ ಹೋಟೆಲೇ ಇಲ್ಲ

ಕೆನಡಾದಲ್ಲಿ ಸ್ವಂತ ವ್ಯಾಪಾರ ಹಾಕಿ, ಅದರ ಆಧಾರದ ಮೇಲೆ ವರ್ಕ್ ಪರ್ಮಿಟ್ ಪಡೆಯುವ ಸಿ11 ವರ್ಗದ ಬಗ್ಗೆ ಈ ತಿಂಗಳೂ ಪತ್ರಗಳ ರಾಶಿ ಬಂದಿದೆ. ಅರ್ಜಿ ಎಲ್ಲಿ ಹಾಕಬೇಕು, ಶುಲ್ಕ ಎಷ್ಟು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದೆಲ್ಲ ಕೆನಡಾ ವಲಸೆ ಇಲಾಖೆಯ ಜಾಲತಾಣದಲ್ಲಿದೆ. ಅರ್ಜಿಯನ್ನು ತೂಗುವ ಅಧಿಕಾರಿಗಳಿಗೆ ಕೊಟ್ಟಿರುವ ಸೂಚನೆಗಳೂ ಅಲ್ಲೇ ಇವೆ, ಯಾರು ಬೇಕಾದರೂ ಓದಬಹುದು. ಅದನ್ನು ಓದದೆ ಏಜೆಂಟರ ಕೈಗೆ ಲಕ್ಷಗಟ್ಟಲೆ ಸುರಿದು, ಆಮೇಲೆ ನನಗೆ ಪತ್ರ ಬರೆಯುವವರನ್ನು ಕಂಡರೆ ಸಿಟ್ಟೂ ಬರುತ್ತದೆ, ಸಂಕಟವೂ ಆಗುತ್ತದೆ.

ಪ್ರಶ್ನೆ: ದಾವಣಗೆರೆಯಲ್ಲಿ 14 ವರ್ಷದಿಂದ ಬೆಣ್ಣೆ ದೋಸೆ ಹೋಟೆಲ್ ನಡೆಸುತ್ತಿದ್ದೇನೆ. ಒಂಟಾರಿಯೋದ ಸಡ್‌ಬರಿಯಲ್ಲಿ ನನ್ನ ಭಾವಮೈದ ಇದ್ದಾನೆ, ಅಲ್ಲಿ 36 ಸೀಟಿನ ಹೋಟೆಲ್ ಹಾಕುವ ಆಸೆ. ಏಜೆಂಟರೊಬ್ಬರು ಮೂರೂವರೆ ಲಕ್ಷ ರೂಪಾಯಿಗೆ 70 ಪುಟದ ಬಿಸಿನೆಸ್ ಪ್ಲಾನ್ ಮಾಡಿಕೊಟ್ಟಿದ್ದಾರೆ. ಮೊದಲ ವರ್ಷ 9.6 ಲಕ್ಷ ಡಾಲರ್ ವ್ಯಾಪಾರ, 10 ಜನಕ್ಕೆ ಕೆಲಸ ಎಂದು ತೋರಿಸಿದ್ದಾರೆ. ಇಷ್ಟು ಸಾಕೇ? ಇನ್ನೇನಾದರೂ ಸೇರಿಸಬೇಕೇ?

ಸೇರಿಸುವುದಲ್ಲ, ಮುಕ್ಕಾಲು ಪಾಲು ಕಿತ್ತುಹಾಕಬೇಕು. ನೀವು ಕಳಿಸಿದ ಪ್ಲಾನನ್ನು ಎರಡು ಸಲ ಓದಿದೆ. ಮೂರನೇ ಅಧ್ಯಾಯದಲ್ಲಿ ಸಡ್‌ಬರಿ ಇದ್ದದ್ದು ಐದನೇ ಅಧ್ಯಾಯದಲ್ಲಿ ಆಲ್ಬರ್ಟಾ ಪ್ರಾಂತ್ಯದ ಕ್ಯಾಲ್ಗರಿ ಆಗಿದೆ. ಅದೇ ಪುಟದಲ್ಲಿ ಆಲ್ಬರ್ಟಾದ ಮಾರಾಟ ತೆರಿಗೆ ಶೇ 13 ಎಂದಿದೆ. ಶೇ 13 ಒಂಟಾರಿಯೋದ್ದು. ಆಲ್ಬರ್ಟಾದಲ್ಲಿ ಶೇ 5ರ ಜಿಎಸ್‌ಟಿ ಬಿಟ್ಟರೆ ಪ್ರಾಂತ್ಯದ ಮಾರಾಟ ತೆರಿಗೆಯೇ ಇಲ್ಲ. ಯಾರಿಗೋ ಬರೆದದ್ದರಲ್ಲಿ ಊರ ಹೆಸರು ಬದಲಿಸಿ ನಿಮಗೆ ಮಾರಿದ್ದಾರೆ. ಇಂಥ ತಪ್ಪು ಅಧಿಕಾರಿಯ ಕಣ್ಣಿಗೆ ಬಿದ್ದರೆ ಉಳಿದ ಪುಟಗಳನ್ನು ಅವರು ನಂಬಬೇಕಾದ ಕಾರಣವೇ ಇರುವುದಿಲ್ಲ.

ಈಗ ವ್ಯಾಪಾರದ ಅಂಕಿಗೆ ಬನ್ನಿ. ವಾರಕ್ಕೆ ಆರು ದಿನ ಬಾಗಿಲು ತೆರೆದರೆ ವರ್ಷಕ್ಕೆ 312 ದಿನ. 9.6 ಲಕ್ಷ ಡಾಲರ್ ಆಗಬೇಕಾದರೆ ದಿನಕ್ಕೆ ಸುಮಾರು 3,077 ಡಾಲರ್ ಗಲ್ಲಾ ತುಂಬಬೇಕು. ಪ್ಲಾನಿನಲ್ಲೇ ತಲೆಗೆ 16 ಡಾಲರ್ ಬಿಲ್ಲು ಹಿಡಿದಿದ್ದಾರೆ. ಹಾಗಾದರೆ ದಿನಕ್ಕೆ 192 ಗಿರಾಕಿ; 36 ಕುರ್ಚಿಯೂ ದಿನಕ್ಕೆ ಐದು ಸಲಕ್ಕಿಂತ ಹೆಚ್ಚು ತುಂಬಿ ಖಾಲಿಯಾಗಬೇಕು. ಮೊದಲ ವರ್ಷದಲ್ಲೇ, ಜನವರಿಯ ಹಿಮದಲ್ಲೂ. 2021ರ ಜನಗಣತಿಯಲ್ಲಿ ಗ್ರೇಟರ್ ಸಡ್‌ಬರಿಯ ಜನಸಂಖ್ಯೆ ಸುಮಾರು 1.66 ಲಕ್ಷ. ದೋಸೆ ಎಂದರೇನೆಂದು ಗೊತ್ತಿರುವವರು ಅದರಲ್ಲಿ ಎಷ್ಟು ಜನ? 14 ವರ್ಷ ಗಲ್ಲಾದ ಮೇಲೆ ಕೂತವರು ನೀವು. ಈ ಲೆಕ್ಕ ನಿಮಗೆ ಐದು ನಿಮಿಷದ ಕೆಲಸವಾಗಿತ್ತು. ನಿಮ್ಮದೇ ಕಸುಬಿನ ಲೆಕ್ಕವನ್ನು ಇನ್ನೊಬ್ಬರ ಕೈಗೆ ಕೊಟ್ಟು ಕಣ್ಣುಮುಚ್ಚಿ ಕೂತಿರಲ್ಲ, ನನ್ನ ತಕರಾರು ಅದು.

ಹತ್ತು ಜನರ ಸಂಬಳವನ್ನೂ ಹಾಕಿ ನೋಡಿ. ಒಂಟಾರಿಯೋದಲ್ಲಿ 2025ರ ಅಕ್ಟೋಬರ್ 1ರಿಂದ ಕನಿಷ್ಠ ವೇತನ ಗಂಟೆಗೆ 17.60 ಡಾಲರ್. ವಾರಕ್ಕೆ 40 ಗಂಟೆಯ ಒಬ್ಬ ಕೆಲಸಗಾರನಿಗೆ ವರ್ಷಕ್ಕೆ 36,608. ಅದರ ಮೇಲೆ ಮಾಲೀಕನ ಪಾಲಿನ ಪಿಂಚಣಿ ವಂತಿಗೆ ಶೇ 5.95, ನಿರುದ್ಯೋಗ ವಿಮೆಗೆ ಕೆಲಸಗಾರ ಕಟ್ಟುವುದರ 1.4 ಪಟ್ಟು. ಅಲ್ಲಿಗೆ ತಲಾ 39,000 ದಾಟುತ್ತದೆ, ಅಪಘಾತ ವಿಮೆ ಸೇರಿದರೆ 40,000ದ ಹತ್ತಿರ. ಹತ್ತು ಜನಕ್ಕೆ 4 ಲಕ್ಷ ಡಾಲರ್. ದಿನಕ್ಕೆ 70 ಗಿರಾಕಿ ಎಂದು ನಾನು ಹಿಡಿಯುತ್ತೇನೆ. ಹೊಸ ಹೋಟೆಲಿಗೆ ಅದೇ ಧೈರ್ಯದ ಅಂಕಿ. ಆಗ ವರ್ಷದ ವ್ಯಾಪಾರ ಸುಮಾರು 3.5 ಲಕ್ಷ. ಅಂದರೆ ಬಂದದ್ದೆಲ್ಲ ಕೊಟ್ಟರೂ ಸಂಬಳಕ್ಕೆ ಸಾಲದು.

ಮೂರು ಜನ ಎಂದು ಬರೆಯಿರಿ. 1.2 ಲಕ್ಷ ಸಂಬಳಕ್ಕೆ, ಸುಮಾರು 1.1 ಲಕ್ಷ ಸಾಮಾನಿಗೆ. ಉಳಿದ 1.2 ಲಕ್ಷದಲ್ಲಿ ಬಾಡಿಗೆ, ಗ್ಯಾಸು, ಕರೆಂಟು, ವಿಮೆ, ಡೆಲಿವರಿ ಆ್ಯಪ್‌ನವರ ಕಮಿಷನ್, ನಿಮ್ಮ ಸಂಸಾರ. ಬಿಗಿಯಾಗಿರುತ್ತದೆ, ಆದರೆ ನಡೆಯುತ್ತದೆ. ನಡೆಯುವ ಮೂರು ಕೆಲಸಕ್ಕೆ ಇರುವ ಬೆಲೆ ಕಾಗದದ ಮೇಲಿನ ಹತ್ತಕ್ಕೆ ಇಲ್ಲ. ಆ ಮೂರು ಕೆಲಸವೂ ಕೆನಡಾದ ಪ್ರಜೆಗಳಿಗೆ ಅಥವಾ ಅಲ್ಲಿನ ಕಾಯಂ ನಿವಾಸಿಗಳಿಗೆ ಸಿಗಬೇಕು. ನಿಮ್ಮ ಹೋಟೆಲಿನ ದೋಸೆ ಭಟ್ಟರನ್ನು ಕರೆದೊಯ್ಯುವುದು ಬೇರೆಯೇ ಅರ್ಜಿ, ಅದು ಈ ಲೆಕ್ಕಕ್ಕೆ ಬರುವುದಿಲ್ಲ. ಮೊದಲ ವರ್ಷ ಹೆಂಚಿನ ಮುಂದೆ ನೀವೇ ನಿಂತು ಇಬ್ಬರು ಸ್ಥಳೀಯರಿಗೆ ಕೆಲಸ ಕಲಿಸುತ್ತೀರಿ ಎಂದು ಬರೆಯಿರಿ. ಈ ಅರ್ಜಿಯಲ್ಲಿ ಅಧಿಕಾರಿ ಹುಡುಕುವುದು ಎರಡು ಸಂಗತಿ: ಈ ವ್ಯಾಪಾರದಿಂದ ಕೆನಡಾಕ್ಕೆ ಗಣನೀಯ ಲಾಭ ಇದೆಯೇ, ಅದನ್ನು ಕಟ್ಟಿ ನಡೆಸುವ ಅನುಭವ ಈ ವ್ಯಕ್ತಿಗೆ ಇದೆಯೇ. ಎರಡನೆಯದು ನಿಮ್ಮ ಬಳಿ ಹೇರಳವಾಗಿದೆ. 70 ಪುಟದಲ್ಲಿ ಅದಕ್ಕೆ ಸಿಕ್ಕಿರುವುದು ಅರ್ಧ ಪುಟ. ಕೆನಡಾದ ಆಹಾರೋದ್ಯಮದ ಇತಿಹಾಸಕ್ಕೆ ಒಂಬತ್ತು ಪುಟ ಕೊಟ್ಟಿದ್ದಾರೆ, ಅದನ್ನು ಮೊದಲು ಹರಿದುಹಾಕಿ. ಆ ಜಾಗಕ್ಕೆ ನಿಮ್ಮ ಆದಾಯ ತೆರಿಗೆ ರಿಟರ್ನ್, ಜಿಎಸ್‌ಟಿ ದಾಖಲೆ, ಆಹಾರ ಸುರಕ್ಷತಾ ಪ್ರಾಧಿಕಾರದ ಲೈಸೆನ್ಸು, ಹೋಟೆಲಿನ ಫೋಟೋ ಬರಲಿ.

ಅಡುಗೆಮನೆಯ ವಿಷಯಕ್ಕಂತೂ ನಿಮ್ಮ ಏಜೆಂಟರು ಕಾಲಿಟ್ಟೇ ಇಲ್ಲ. ಬೆಣ್ಣೆಯನ್ನು ಭಾರತದಿಂದ ತರಿಸುತ್ತೇವೆ ಎಂದು ಬರೆದಿದ್ದಾರೆ. ಕೆನಡಾ ತನ್ನ ಹೈನುಗಾರರನ್ನು ಕಾಯಲು ಕೋಟಾ ಮೀರಿದ ಆಮದು ಬೆಣ್ಣೆಗೆ ಶೇ 298.5 ಸುಂಕ ಹಾಕುತ್ತದೆ. ನಿಮ್ಮ ದೋಸೆಗೆ ಬೀಳುವುದು ಒಂಟಾರಿಯೋದ ಬೆಣ್ಣೆಯೇ. ಅಲ್ಲಿನ ಸಗಟು ವ್ಯಾಪಾರಿಯಿಂದ ದರಪಟ್ಟಿ ತರಿಸಿ ಲಗತ್ತಿಸಿ, ಸ್ಥಳೀಯ ಹೈನುಗಾರರಿಗೆ ಹೋಗುವ ಆ ಹಣವನ್ನೇ ಕೆನಡಾಕ್ಕೆ ಆಗುವ ಲಾಭದ ಪಟ್ಟಿಗೆ ಸೇರಿಸಿ. ಕೊಯಮತ್ತೂರಿನ ಗ್ರೈಂಡರ್ ಒಯ್ಯುವ ಮಾತೂ ಇದೆ. ನಮ್ಮದು 230 ವೋಲ್ಟ್, 50 ಹರ್ಟ್ಸ್. ಅಲ್ಲಿ ಸಾಮಾನ್ಯ ಪ್ಲಗ್ಗಿಗೆ 120 ವೋಲ್ಟ್, 60 ಹರ್ಟ್ಸ್. ಅಲ್ಲಿನ ಸುರಕ್ಷತಾ ಮುದ್ರೆ ಇಲ್ಲದ ಯಂತ್ರವನ್ನು ಹೋಟೆಲಿನಲ್ಲಿ ಬಳಸುವಂತೆಯೂ ಇಲ್ಲ. ಹೆಂಚಿನ ಮೇಲಿನ ಹೊಗೆ ಚಿಮಣಿ, ಬೆಂಕಿ ಆರಿಸುವ ವ್ಯವಸ್ಥೆ, ಆರೋಗ್ಯ ಇಲಾಖೆಯ ತಪಾಸಣೆ, ಅಡುಗೆಮನೆ ನಡೆಯುವ ಅಷ್ಟು ಹೊತ್ತೂ ಆಹಾರ ನಿರ್ವಹಣೆಯ ಪ್ರಮಾಣಪತ್ರ ಇರುವ ಒಬ್ಬರು: ಇವುಗಳ ಖರ್ಚು ಯಾವ ಪುಟದಲ್ಲೂ ಇಲ್ಲ. ಚಳಿಗೆ ಹಿಟ್ಟು ಹುದುಗುವುದು ಹೇಗೆ ಎಂಬುದನ್ನು ನೀವೇ ಬರೆಯಿರಿ. ಅದನ್ನು ಓದಿದವರಿಗೆ ಇದು ಕಸುಬುದಾರ ಬರೆದದ್ದೆಂದು ತಿಳಿಯುತ್ತದೆ.

ಹಣದ ದಾರಿ ತಪ್ಪಬೇಡಿ. ಭಾರತದ ನಿವಾಸಿಯಾಗಿರುವಾಗಲೇ ನಿಮ್ಮದೇ ಕೆನಡಾ ಕಂಪನಿಗೆ ಬಂಡವಾಳ ಕಳಿಸಿದರೆ ಅದು ವಿದೇಶಿ ನೇರ ಹೂಡಿಕೆ. 2022ರ ಆಗಸ್ಟ್‌ನ ನಿಯಮಗಳ ಪ್ರಕಾರ ಬ್ಯಾಂಕಿಗೆ ಫಾರ್ಮ್ ಎಫ್‌ಸಿ ಕೊಟ್ಟು, ವಿಶಿಷ್ಟ ಗುರುತಿನ ಸಂಖ್ಯೆ ಪಡೆದ ಮೇಲೇ ಹಣ ಹೋಗಬೇಕು. ಒಬ್ಬರಿಗೆ ಆರ್ಥಿಕ ವರ್ಷಕ್ಕೆ ಎರಡೂವರೆ ಲಕ್ಷ ಅಮೆರಿಕನ್ ಡಾಲರ್ ಮಿತಿ. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕು ಶೇ 20 ಟಿಸಿಎಸ್ (ಮೂಲದಲ್ಲೇ ವಸೂಲಿಸುವ ತೆರಿಗೆ) ಹಿಡಿಯುತ್ತದೆ. ರಿಟರ್ನ್ ಹಾಕುವಾಗ ಅದನ್ನು ತೆರಿಗೆಗೆ ಹೊಂದಿಸಿಕೊಳ್ಳಬಹುದು, ಆದರೆ ಅಲ್ಲಿಯವರೆಗೆ ಅಷ್ಟು ಹಣ ಕೈಯಲ್ಲಿ ಇರುವುದಿಲ್ಲ. ಭಾವಮೈದನ ಖಾತೆಗೆ ಕಳಿಸಿ ಅವನಿಂದ ಹೂಡಿಸುವ ಉಪಾಯ ಹೇಳಿದವರು ನಿಮ್ಮ ಹಿತೈಷಿಗಳಲ್ಲ. ಕಂಪನಿಯಲ್ಲಿ ಕನಿಷ್ಠ ಅರ್ಧ ಪಾಲು ನಿಮ್ಮ ಹೆಸರಿನಲ್ಲಿರಬೇಕು, ಆ ಹಣ ನಿಮ್ಮದೇ ಎಂದು ಕಾಗದದಲ್ಲಿ ಕಾಣಬೇಕು.

ಅಂಗಡಿ ಬಾಡಿಗೆ ಕರಾರಿನ ವಿಷಯದಲ್ಲಿ ನಾನು ಮಹಾ ಅಂಜುಬುರುಕ. ಹಿಂದೊಮ್ಮೆ ನನ್ನ ಬಳಿ ಬಂದಿದ್ದ ದಂಪತಿ, ಸಲಹೆಗಾರನೊಬ್ಬನ ಮಾತು ಕೇಳಿ ಐದು ವರ್ಷದ ಕರಾರಿಗೆ ಷರತ್ತಿಲ್ಲದೆ ಸಹಿ ಹಾಕಿದ್ದರು. ಪರ್ಮಿಟ್ ಸಿಗಲಿಲ್ಲ, ಕಟ್ಟಡದ ಮಾಲೀಕ ಬಾಡಿಗೆ ಬಿಡಲಿಲ್ಲ. ಊರಿನ ಮನೆ ಮಾರಿ ತೀರಿಸಿದರು. ಅಂದಿನಿಂದ ನಾನು ಒಂದೇ ಮಾತು ಹೇಳುತ್ತೇನೆ: ಪರ್ಮಿಟ್ ಸಿಕ್ಕರೆ ಮಾತ್ರ ಕರಾರು ಜಾರಿ ಎಂಬ ಸಾಲು ಇಲ್ಲದ ಕಾಗದಕ್ಕೆ ಸಹಿ ಬೇಡ. ಹಾಗೆಂದು ಏನೂ ಮಾಡದೆ ಕೂರುವಂತೆಯೂ ಇಲ್ಲ. ಕಂಪನಿ ನೋಂದಣಿ, ಅಲ್ಲಿನ ತೆರಿಗೆ ಇಲಾಖೆ ಕೊಡುವ ಬಿಸಿನೆಸ್ ನಂಬರ್, ಷರತ್ತಿನ ಕರಾರು, ಕೊಟೇಶನ್ನುಗಳು: ಹೆಜ್ಜೆ ಇಟ್ಟಿದ್ದೀರಿ ಎಂಬುದಕ್ಕೆ ಇಷ್ಟು ಗುರುತು ಬೇಕು.

ನಿಮ್ಮ ಪ್ಲಾನಿನ ಕೊನೆಯ ಸಾಲು "ಕೆನಡಾದಲ್ಲಿ ಶಾಶ್ವತವಾಗಿ ನೆಲೆಸುವ ಗುರಿ" ಎಂದಿದೆ. ನೀವು ಕೇಳುತ್ತಿರುವುದು ತಾತ್ಕಾಲಿಕ ಪರ್ಮಿಟ್. ಮುಂದೆ ಕಾಯಂ ಆಗುವ ಆಸೆ ಇರುವುದು ಕಾನೂನಿನಲ್ಲಿ ತಪ್ಪಲ್ಲ, ಆದರೆ ಅವಧಿ ಮುಗಿದರೆ ಹೊರಡುತ್ತೀರಿ ಎಂದು ಅಧಿಕಾರಿಗೆ ಮನವರಿಕೆಯಾಗಬೇಕು. ನೀವು ಹೊರಟ ಮೇಲೆ ಹೋಟೆಲನ್ನು ಯಾರು ನೋಡಿಕೊಳ್ಳುತ್ತಾರೆ, ಕೆಲಸ ಕಲಿತ ಮ್ಯಾನೇಜರೇ, ಕೊಂಡುಕೊಳ್ಳುವವರೇ, ಎಂದು ಒಂದು ಪುಟ ಬರೆಯಿರಿ. ದಾವಣಗೆರೆಯ ಹೋಟೆಲನ್ನು ಮಾರಬೇಡಿ. ಅದು ನಡೆಯುತ್ತಿರುವುದೇ ನೀವು ಮರಳುವುದಕ್ಕೆ ಒಳ್ಳೆಯ ಸಾಕ್ಷಿ.

ಇಷ್ಟೆಲ್ಲ ಸೇರಿ 25 ಪುಟ ಆದೀತು. ಕನ್ನಡದಲ್ಲೇ ಬರೆದು ಆಮೇಲೆ ಅನುವಾದ ಮಾಡಿಸಿ. ಇಂಟರ್‌ವ್ಯೂಗೆ ಕರೆದರೆ ಉತ್ತರ ಹೇಳಬೇಕಾದವರು ನೀವೊಬ್ಬರೇ.

ಪ್ರಶ್ನೆ: ಕನಿಷ್ಠ ಒಂದೂವರೆ ಲಕ್ಷ ಡಾಲರ್ ಹೂಡಲೇಬೇಕಂತೆ, ನಿಜವೇ? (ಶಿವಮೊಗ್ಗ)

ಸುಳ್ಳು. ಸಿ11ಗೆ ಅಂಥ ಕನಿಷ್ಠ ಮೊತ್ತ ಇಲ್ಲ. ನಿಮ್ಮ ವ್ಯಾಪಾರಕ್ಕೆ ಎಷ್ಟು ಬೇಕೋ ಅಷ್ಟು ಇರಬೇಕು.

ಪ್ರಶ್ನೆ: ಚಿಕ್ಕಪ್ಪ ಒಂದು ತಿಂಗಳ ಮಟ್ಟಿಗೆ 40 ಲಕ್ಷ ಖಾತೆಗೆ ಹಾಕಿಕೊಡುತ್ತಾರೆ. ಬ್ಯಾಲೆನ್ಸ್ ತೋರಿಸಿ ವಾಪಸ್ ಕೊಡಬಹುದೇ? (ಹುಬ್ಬಳ್ಳಿ)

ಕೂಡದು. ಸಿಕ್ಕಿಬಿದ್ದರೆ ಐದು ವರ್ಷ ಕೆನಡಾದ ಬಾಗಿಲು ಮುಚ್ಚುತ್ತದೆ. ಇದನ್ನು ಇನ್ನು ಮುಂದೆ ಯಾರೂ ನನಗೆ ಕೇಳಬೇಡಿ.

ಪ್ರಶ್ನೆ: ಸಿ11 ಸಿಕ್ಕರೆ, ಕಾಯಂ ವಾಸಕ್ಕೆ ಅಂಕ ಕೊಟ್ಟು ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ 200 ಅಂಕ ಗ್ಯಾರಂಟಿ ಎಂದು ಏಜೆಂಟ್ ಹೇಳುತ್ತಾರೆ. (ಮಂಗಳೂರು)

ಉದ್ಯೋಗದ ಆಫರಿಗೆ ಕೊಡುತ್ತಿದ್ದ 50 ಮತ್ತು 200 ಅಂಕಗಳನ್ನು 2025ರ ಮಾರ್ಚ್ 25ರಂದೇ ತೆಗೆದುಹಾಕಿದ್ದಾರೆ. ಕೆನಡಾದಲ್ಲಿ ಸ್ವಂತ ಉದ್ಯೋಗ ಮಾಡಿದ ಅನುಭವ, ಅಲ್ಲಿನ ಕೆಲಸದ ಅನುಭವದ ಮೇಲೆ ಕಾಯಂ ವಾಸ ಕೊಡುವ ಕೆನಡಿಯನ್ ಎಕ್ಸ್‌ಪೀರಿಯೆನ್ಸ್ ಕ್ಲಾಸಿಗೂ ಲೆಕ್ಕಕ್ಕಿಲ್ಲ. ಹಣ ಪಡೆದು ವಲಸೆ ಸಲಹೆ ಕೊಡಲು ಅಲ್ಲಿನ ವಕೀಲರಿಗೆ ಅಥವಾ ವಲಸೆ ಸಲಹೆಗಾರರ ಕಾಲೇಜಿನ (ಇದು ಓದಿಸುವ ಕಾಲೇಜಲ್ಲ, ಅವರನ್ನು ನಿಯಂತ್ರಿಸುವ ಸಂಸ್ಥೆ) ಪರವಾನಗಿ ಉಳ್ಳವರಿಗೆ, ಹೀಗೆ ಕಾನೂನು ಹೆಸರಿಸಿದ ಕೆಲವರಿಗೆ ಮಾತ್ರ ಅವಕಾಶ. ಕಾಲೇಜಿನ ಸದಸ್ಯರ ಪಟ್ಟಿ ಎಲ್ಲರಿಗೂ ತೆರೆದಿದೆ. ನಿಮ್ಮ ಏಜೆಂಟರ ಹೆಸರು ಹುಡುಕಿ. "ಗ್ಯಾರಂಟಿ" ಎಂದ ಮೇಲೂ ಅವರ ಕಚೇರಿಯಲ್ಲಿ ಕೂತಿದ್ದೀರಿ ಎಂದರೆ ನನಗೆ ನಿಮ್ಮದೇ ಚಿಂತೆ.

ಪ್ರಶ್ನೆ: ಸಾಫ್ಟ್‌ವೇರ್ ಕಂಪನಿ ತೆರೆದು ಬೆಂಗಳೂರಿನ ಗ್ರಾಹಕರಿಗೇ ಅಲ್ಲಿಂದ ಕೆಲಸ ಮಾಡಬಹುದೇ? (ಮೈಸೂರು)

ಅದರಿಂದ ಕೆನಡಾಕ್ಕೆ ಏನು ಲಾಭ? ಉತ್ತರ ಇಲ್ಲದಿದ್ದರೆ ಅರ್ಜಿಯೂ ಬೇಡ.

ಪ್ರಶ್ನೆ: ನನ್ನ ಸಿ11 ಅರ್ಜಿ ತಿರಸ್ಕೃತವಾಗಿ 41 ದಿನ ಆಯಿತು. ಪ್ಲಾನ್ ಸರಿಮಾಡಿ ಕೋರ್ಟಿಗೆ ಹೋಗಬೇಕೆಂದಿದ್ದೇನೆ. ಅವಸರ ಇದೆಯೇ? (ಕಲಬುರಗಿ)

ಇದೆ. ಕೆನಡಾದ ಹೊರಗೆ ಆದ ನಿರ್ಧಾರಕ್ಕೆ ಫೆಡರಲ್ ಕೋರ್ಟಿಗೆ ಹೋಗಲು 60 ದಿನ ಮಾತ್ರ. ಸರಿಮಾಡಿದ ಪ್ಲಾನನ್ನು ಕೋರ್ಟು ನೋಡುವುದಿಲ್ಲ. ಅಂದು ಅಧಿಕಾರಿಯ ಮುಂದೆ ಇದ್ದ ಕಾಗದದ ಮೇಲೆ ಅವರ ತೀರ್ಮಾನ ನ್ಯಾಯವಾಗಿತ್ತೇ ಎಂಬುದಷ್ಟೇ ಅಲ್ಲಿನ ವಿಚಾರ. ಪ್ಲಾನೇ ಕೆಟ್ಟಿದ್ದರೆ ಹೊಸ ಅರ್ಜಿ ಹಾಕಿ. ಒಳ್ಳೆಯ ಪ್ಲಾನನ್ನು ಓದದೆ ತಳ್ಳಿದ್ದಾರೆ ಎನಿಸಿದರೆ ಕೋರ್ಟು. ಯಾವುದೆಂದು ತಿಳಿಯಲು ತಿರಸ್ಕಾರದ ಪತ್ರದ ಜತೆ ಅಧಿಕಾರಿಯ ಟಿಪ್ಪಣಿ ಬಂದಿದೆಯೇ ನೋಡಿ. ಬಂದಿದ್ದರೆ ಅದನ್ನೂ, ಅಂದು ಸಲ್ಲಿಸಿದ ಪ್ಲಾನನ್ನೂ ಇಂದೇ ಕೆನಡಾದ ವಕೀಲರೊಬ್ಬರಿಗೆ ಕಳಿಸಿ. ನೀವು ಪತ್ರ ಬರೆದ ದಿನಕ್ಕೇ ಉಳಿದಿದ್ದದ್ದು 19 ದಿನ.