ಕ್ರಿಸ್‌ಮಸ್‌ಗೆ ಗಾಳಿ ಮರದ ಕೊಂಬೆಯೋ, ಕುಂಡದ ಗಿಡವೋ, ಪ್ಲಾಸ್ಟಿಕ್ ಮರವೋ?

ಪ್ರಶ್ನೆ: ನಾವಿರುವುದು ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿ, ಮೂರನೇ ಮಹಡಿ. ಊರು ಮಂಗಳೂರು ಕಡೆ. ಅಲ್ಲಿ ಕ್ರಿಸ್‌ಮಸ್‌ಗೆ ಗಾಳಿ ಮರದ ಕೊಂಬೆ ತಂದು ನಿಲ್ಲಿಸುತ್ತಿದ್ದೆವು. ಮರ ಕಡಿಯುವುದು ಮಗಳಿಗೆ ಇಷ್ಟವಿಲ್ಲ, ನರ್ಸರಿಯಿಂದ ಕುಂಡದ ಗಿಡ ತರೋಣ ಅನ್ನುತ್ತಾಳೆ. ನಮ್ಮ ಯಜಮಾನರಿಗೆ ಪ್ಲಾಸ್ಟಿಕ್ ಮರ ಒಂದು ಸಲ ತಂದುಬಿಟ್ಟರೆ ಮುಗೀತು ಅಂತ. ಯಾವುದು ಒಳ್ಳೆಯದು?

ಉತ್ತರ: ನಿಮ್ಮ ಮನೆಗೆ ಗಾಳಿ ಮರದ ಕೊಂಬೆಯೇ ಸರಿ. ಇದು ಕಾಡು ಕಡಿದು ತರುವ ಮರವಲ್ಲ ಅಂತ ಮಗಳಿಗೆ ಹೇಳಿ. 1868ರ ಹೊತ್ತಿಗೆ ಕಾರವಾರದ ಕಡೆ ನೆಡಲು ಶುರುವಾದ ಈ ಮರ ಈಗ ರೈತರ ಬೆಳೆ. ನಾಲ್ಕೈದು ವರ್ಷಕ್ಕೆ ಕಂಬಕ್ಕೋ ಕಾಗದಕ್ಕೋ ಹೇಗೂ ಕಡಿಯುತ್ತಾರೆ. ಆದರೆ ಎಲ್ಲಿಂದ ತಂದದ್ದು ಅಂತ ಕೇಳಿ. ಪಾರ್ಕಿನದ್ದೋ ಸಮುದ್ರ ತೀರದ ನೆಡುತೋಪಿನದ್ದೋ ಆದರೆ ಬೇಡ.

ಕೊಳ್ಳುವಾಗ ಸೂಜಿಯಂತಹ ಒಂದು ಎಳೆ ಬಗ್ಗಿಸಿ ನೋಡಿ. ಹಸಿಯಾದರೆ ಬಾಗುತ್ತದೆ, ಒಣಗಿದ್ದರೆ ಪಟ್ಟನೆ ಮುರಿಯುತ್ತದೆ. (ಅದು ಎಲೆಯಲ್ಲ, ಕಾಂಡ. ಎಳೆದರೆ ಗಿಣ್ಣು ಗಿಣ್ಣಾಗಿ ಬಿಚ್ಚಿಕೊಳ್ಳುತ್ತದೆ. ಗಿಣ್ಣಿನ ಸುತ್ತ ಇರುವ ಸಣ್ಣ ಹಲ್ಲುಗಳೇ ನಿಜವಾದ ಎಲೆ. ಮಗಳಿಗೆ ತೋರಿಸಿ.) ಬುಡವನ್ನು ಒಂದಿಂಚು ಕತ್ತರಿಸಿ ಒದ್ದೆ ಮರಳಿನ ಬಕೆಟ್‌ನಲ್ಲಿ ನಿಲ್ಲಿಸಿ. ಡಿಸೆಂಬರ್ 20ಕ್ಕೆ ಮೊದಲು ತರಬೇಡಿ. ಒಣಗಿದ ಕೊಂಬೆ ಬೇಗ ಬೆಂಕಿ ಹಿಡಿಯುತ್ತದೆ, ಮೇಣದಬತ್ತಿ ದೂರವಿರಲಿ, ದೀಪದ ಸರ ಎಲ್‌ಇಡಿಯದ್ದೇ ಇರಲಿ.

ಪ್ಲಾಸ್ಟಿಕ್ ಮರ ಈಗಾಗಲೇ ಅಟ್ಟದಲ್ಲಿದ್ದರೆ ಅದನ್ನೇ ಬಳಸಿ, ಹೊಸದು ಬೇಡ. ಬ್ರಿಟನ್ನಿನ ಕಾರ್ಬನ್ ಟ್ರಸ್ಟ್ ಲೆಕ್ಕದಲ್ಲಿ 2 ಮೀಟರ್ ಎತ್ತರದ ಕೃತಕ ಮರದ ಇಂಗಾಲದ ಹೊರೆ, ಅಂದರೆ ಅದರಿಂದ ಗಾಳಿಗೆ ಸೇರುವ ಹಸಿರುಮನೆ ಅನಿಲ, ಸುಮಾರು 40 ಕಿಲೋ. ಹತ್ತು ವರ್ಷವಾದರೂ ಬಳಸದಿದ್ದರೆ ಲೆಕ್ಕ ಕೂಡುವುದಿಲ್ಲ. ಮೂರನೇ ವರ್ಷಕ್ಕೇ ಅದರ ಕಾಲು ಮುರಿದಿರುತ್ತೆ, ಅಲ್ವಾ?

ಇನ್ನು ಕುಂಡದ ಗಿಡ. ಇಲ್ಲಿನ ನರ್ಸರಿಗಳಲ್ಲಿ ಕ್ರಿಸ್‌ಮಸ್ ಟ್ರೀ ಅಂತ ಕೊಡುವುದು ಹೆಚ್ಚಾಗಿ ಅರಾಕೇರಿಯಾ. ಲಾಲ್‌ಬಾಗ್‌ಗೆ ಹೋದಾಗ ಅದು ದೊಡ್ಡದಾದರೆ ಹೇಗಿರುತ್ತೆ ಅಂತ ತಲೆಯೆತ್ತಿ ನೋಡಿ ಬನ್ನಿ. ನ್ಯೂ ಕ್ಯಾಲಿಡೋನಿಯಾ ಮೂಲದ ಜಾತಿಯಂತೂ 60 ಮೀಟರ್ ತನಕ ಬೆಳೆಯಬಲ್ಲದು. ಅದಕ್ಕೊಂದು ವಿಚಿತ್ರ ಅಭ್ಯಾಸ: ಭೂಮಧ್ಯರೇಖೆಯ ಕಡೆಗೆ ವಾಲುತ್ತದೆ, ಅಂದರೆ ನಮ್ಮಲ್ಲಿ ದಕ್ಷಿಣಕ್ಕೆ. ಹಬ್ಬ ಮುಗಿದ ಮೇಲೆ ಮೂವತ್ತು-ನಲವತ್ತು ಸೈಟಿನ ಮೂಲೆಯಲ್ಲಿ ನೆಟ್ಟುಬಿಡೋಣ ಅನ್ನುವವರು ಇದನ್ನು ಯೋಚಿಸಿರುವುದಿಲ್ಲ. ಕುಂಡದಲ್ಲೇ ಇಟ್ಟರೆ ನಿಧಾನಕ್ಕೆ ಬೆಳೆಯುತ್ತದೆ, ಹಲವು ವರ್ಷ ನಡೆಯುತ್ತದೆ. ಅಷ್ಟು ವರ್ಷ ನೋಡಿಕೊಳ್ಳುವ ಮನಸ್ಸಿದ್ದರೆ ಮಾತ್ರ ತನ್ನಿ.

ತರುವುದಾದರೆ ತುದಿ ಗಟ್ಟಿಯಾಗಿ, ನೆಟ್ಟಗಿರಬೇಕು. ತುದಿ ಮುರಿದರೆ ಆ ಗೋಪುರದ ಆಕಾರ ಹೋಯಿತು. ಕೆಳಗಿನ ಕೊಂಬೆ ಒಣಗಿ ಬಿದ್ದರೆ ಆ ಜಾಗದಲ್ಲಿ ಮತ್ತೆ ಬರುವುದಿಲ್ಲ. ಒಂದೇ ಕುಂಡದಲ್ಲಿ ಮೂರ್ನಾಲ್ಕು ಸಸಿ ತುರುಕಿ ದಟ್ಟವಾಗಿ ಕಾಣುವಂತೆ ಮಾಡಿರುತ್ತಾರೆ, ಬುಡ ಎಣಿಸಿ. ಬೆಳಕಿರುವ ಬಾಲ್ಕನಿಯಲ್ಲಿಡಿ, ವಾರಕ್ಕೊಮ್ಮೆ ಸ್ವಲ್ಪ ತಿರುಗಿಸಿ, ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕಿ. ಸುಮ್ನೆ ದಿನಾ ನೀರು ಸುರಿದೇ ಜಾಸ್ತಿ ಗಿಡಗಳು ಸಾಯೋದು. ಬೆಳ್ಳಿ ಬಣ್ಣ, ಮಿನುಗು ಪುಡಿ ಎರಚಿದ ಗಿಡ ಬೇಡವೇ ಬೇಡ. ಅರಾಕೇರಿಯಾ ಪಕ್ಕದಲ್ಲೇ ನಿಂಬೆಯ ಪರಿಮಳದ ಗೋಲ್ಡ್‌ಕ್ರೆಸ್ಟ್ ಇಟ್ಟಿರುತ್ತಾರೆ. ನೋಡಲು ಚಂದ, ಆದರೆ ಅದು ತಂಪು ಬಯಸುವ ಗಿಡ. ಏಪ್ರಿಲ್ ಬಿಸಿಲಿಗೆ ಒಮ್ಮೆ ಕಂದು ತಿರುಗಿತೋ, ಆ ಭಾಗ ಮತ್ತೆ ಹಸಿರಾಗದು.