ವರ್ಕ್‌ಸ್ಟೇಷನ್ ಲ್ಯಾಪ್‌ಟಾಪ್: ಓದುಗರ ಪ್ರಶ್ನೆ, ತಜ್ಞರ ಉತ್ತರ

ಭೋಸರಿಯಲ್ಲಿ ಡೈ ಡಿಸೈನ್ ಕೆಲಸ ನನ್ನದು. ಡೆಲ್ ಪ್ರಿಸಿಷನ್ ಲ್ಯಾಪ್‌ಟಾಪ್ ಇದೆ. ಮೂಲ 240 ವ್ಯಾಟ್ ಅಡಾಪ್ಟರ್ ಕಳೆದುಹೋಯಿತು, ಅಂಗಡಿಯಿಂದ ಬೇರೊಂದು ತಂದೆ. ಆಮೇಲಿಂದ ಸಾಲಿಡ್‌ವರ್ಕ್ಸ್ ಎಂಬ ಡಿಸೈನ್ ಸಾಫ್ಟ್‌ವೇರಿನಲ್ಲಿ ದೊಡ್ಡ ಅಸೆಂಬ್ಲಿ ತಿರುಗಿಸಲೂ ಆಗದಷ್ಟು ನಿಧಾನ. ಬ್ಯಾಟರಿಯೂ ಚಾರ್ಜ್ ಆಗುತ್ತಿಲ್ಲ. ಮದರ್‌ಬೋರ್ಡ್ ಬದಲಿಸಬೇಕು ಅನ್ನುತ್ತಾರೆ. ಬದಲಿಸಲೇ? — ಓದುಗರು, ಪುಣೆ

ಸದ್ಯಕ್ಕೆ ಬೇಡ. ವೇಗ ಬಿದ್ದದ್ದು, ಚಾರ್ಜ್ ನಿಂತದ್ದು ಎರಡೂ ಒಟ್ಟಿಗೆ ಶುರುವಾಗಿವೆ ಎಂದರೆ ಮೊದಲು ಅನುಮಾನಿಸಬೇಕಾದ್ದು ಅಡಾಪ್ಟರನ್ನೇ. ಡೆಲ್‌ನ ದುಂಡು ಪ್ಲಗ್ಗಿನೊಳಗೆ ನಟ್ಟನಡುವೆ ಒಂದು ತೆಳು ಪಿನ್ ಇದೆ. ಲ್ಯಾಪ್‌ಟಾಪ್ ನಡೆಸುವ ಕರೆಂಟ್ ಅದರಲ್ಲಿ ಹರಿಯುವುದಿಲ್ಲ. ತಾನು ಎಷ್ಟು ವ್ಯಾಟಿನ ಅಡಾಪ್ಟರ್ ಎಂಬ ಗುರುತನ್ನಷ್ಟೇ ಅದು ಯಂತ್ರಕ್ಕೆ ತಿಳಿಸುತ್ತದೆ. ಗುರುತು ಸಿಗದಿದ್ದರೆ ಯಂತ್ರ ಚಾರ್ಜಿಂಗ್ ನಿಲ್ಲಿಸಿ, ಪ್ರೊಸೆಸರ್ ವೇಗವನ್ನು 1 ಗಿಗಾಹರ್ಟ್ಸ್‌ಗಿಂತಲೂ ಕೆಳಕ್ಕೆ ಇಳಿಸಿಬಿಡುತ್ತದೆ. ಅಗ್ಗದ ಅಡಾಪ್ಟರುಗಳಲ್ಲಿ ಈ ಗುರುತಿನ ಚಿಪ್ ಇರುವುದಿಲ್ಲ, ಇದ್ದರೂ ಸರಿಯಾಗಿರುವುದಿಲ್ಲ.

ಪರೀಕ್ಷಿಸುವುದು ಸುಲಭ. ಲ್ಯಾಪ್‌ಟಾಪ್ ಆನ್ ಮಾಡುವಾಗ ಎಫ್2 ಒತ್ತಿ ಬಯೋಸ್‌ಗೆ, ಅಂದರೆ ವಿಂಡೋಸ್‌ಗೂ ಮೊದಲು ತೆರೆಯುವ ಮೂಲ ಸೆಟ್ಟಿಂಗ್‌ಗಳ ಪರದೆಗೆ ಹೋಗಿ, ಬ್ಯಾಟರಿ ಮಾಹಿತಿಯ ಜೊತೆ ಅಡಾಪ್ಟರ್ ಯಾವುದೆಂದು ಬರೆದಿರುವುದನ್ನು ನೋಡಿ. 240 ವ್ಯಾಟ್ ಎಂದಿರಬೇಕು. ಗೊತ್ತಿಲ್ಲ ಎಂದೋ ಅಡಾಪ್ಟರ್ ಇಲ್ಲ ಎಂದೋ ಇದ್ದರೆ ದೋಷ ಅಲ್ಲೇ ಇದೆ. ಬ್ಯಾಟರಿಯಲ್ಲಿ ಒಂದಿಷ್ಟು ಚಾರ್ಜ್ ಉಳಿದಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು ಸಿಪಿಯು ವೇಗ ಗಮನಿಸುತ್ತಾ ಅಡಾಪ್ಟರ್ ಕಿತ್ತು ನೋಡಿ. ಕಿತ್ತ ಕೂಡಲೇ ವೇಗ ಏರಿದರೆ ಪ್ರೊಸೆಸರ್ ಚೆನ್ನಾಗಿಯೇ ಇದೆ. ಸಹೋದ್ಯೋಗಿಯ ಮೂಲ ಅಡಾಪ್ಟರ್ ಹಾಕಿದರೂ ಗುರುತು ಸಿಗದಿದ್ದರೆ ಲ್ಯಾಪ್‌ಟಾಪಿನ ಪವರ್ ಜಾಕ್ ನೋಡಬೇಕು. ಬಹಳಷ್ಟು ಪ್ರಿಸಿಷನ್ ಮಾದರಿಗಳಲ್ಲಿ ಅದು ವೈರ್ ಸಮೇತ ಬಿಡಿಯಾಗಿ ಸಿಗುವ ಸಣ್ಣ ಭಾಗ. ಮದರ್‌ಬೋರ್ಡ್ ಮಾತು ಅದೆಲ್ಲ ಆದಮೇಲೆ.

ಸಾಫ್ಟ್‌ವೇರ್ ಹಾಕಿ ಈ ವೇಗದ ತಡೆಯನ್ನು ತೆಗೆಯಬಹುದು ಎಂದು ಯಾರಾದರೂ ಹೇಳಿಯಾರು. ತೆಗೆಯಲು ಬರುತ್ತದೆ, ಆದರೆ ತೆಗೆಯಬೇಡಿ. ಗುರುತಿಲ್ಲದ ಅಡಾಪ್ಟರಿನಿಂದ ಅದರ ಶಕ್ತಿ ಮೀರಿ ಎಳೆದರೆ ಕಾಯುವುದು, ಸುಡುವುದು ಅಡಾಪ್ಟರೇ.

ಹೊಸ ಅಡಾಪ್ಟರ್ ಬಂದ ಮೇಲೂ ಮೊದಲ ಹತ್ತು ನಿಮಿಷ ಚುರುಕಾಗಿದ್ದು ಆಮೇಲೆ ಕುಗ್ಗಿದರೆ ಅದು ಶಾಖದ ಸಮಸ್ಯೆ. ಎಚ್‌ಡಬ್ಲ್ಯೂ ಇನ್ಫೋ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಪ್ರೊಸೆಸರ್ ಉಷ್ಣತೆ 95–100 ಡಿಗ್ರಿ ಮುಟ್ಟುತ್ತಿದೆಯೇ ನೋಡಿ. ಭೋಸರಿಯಂಥ ಕಡೆ ಗ್ರೈಂಡಿಂಗ್ ಮೆಷಿನ್ ಪಕ್ಕದಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡರೆ ಒಳಗೆ ಸೇರುವುದು ಕರೆಂಟ್ ಹರಿಯಬಲ್ಲ ಲೋಹದ ಪುಡಿ. ಶಾರ್ಟ್ ಆಗುವ ಭಯವೂ ಇದೆ. ಹೊರಗಿನಿಂದ ಬ್ಲೋವರ್ ಹೊಡೆದರೆ ಸಾಲದು. ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ ಧೂಳು ಕಂಬಳಿಯ ತುಂಡಿನಂತೆ ಒತ್ತಿಕೊಂಡು ಕೂತಿರುತ್ತದೆ, ಫ್ಯಾನ್ ಬಿಚ್ಚಿದರೇ ಅದು ಕೈಗೆ ಸಿಗುವುದು. ಶಟ್‌ಡೌನ್ ಮಾಡಿ, ಅಡಾಪ್ಟರ್ ಕಿತ್ತು, ಕೆಳಮುಚ್ಚಳ ತೆಗೆದ ತಕ್ಷಣ ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಮಿಕ್ಕದ್ದೆಲ್ಲ ಆಮೇಲೆ. ಗಾಳಿ ಊದುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ.

ಚಿಪ್ಪಿನ ಶಾಖ ಎಳೆದುಕೊಳ್ಳುವ ಹೀಟ್‌ಸಿಂಕ್ ಎತ್ತಿದರೆ, ಅವೆರಡರ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಹೊಸದಾಗಿ ಹಾಕಲೇಬೇಕು. ಹಳೆಯದನ್ನು 99 ಶೇಕಡದ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ. ಲ್ಯಾಪ್‌ಟಾಪ್ ಚಿಪ್ಪಿನ ಮೇಲೆ ಲೋಹದ ಮುಚ್ಚಳ ಇರುವುದಿಲ್ಲವಾದ್ದರಿಂದ, ಕಾದು ತಣಿದು ತೆಳುವಾದ ಪೇಸ್ಟ್ ಅಂಚಿಗೆ ಸರಿದುಹೋಗುತ್ತದೆ. ಅದಕ್ಕೇ ಹನಿವೆಲ್ 7950ರಂಥ, ಬಿಸಿಗೆ ಮೆತ್ತಗಾಗಿ ಅಂಟಿಕೊಳ್ಳುವ ಫೇಸ್ ಚೇಂಜ್ ಹಾಳೆ ಹಾಕಿಸುವುದು ಮೇಲು. ಅಕ್ಕಪಕ್ಕದ ಮೆತ್ತನೆಯ ಪ್ಯಾಡ್‌ಗಳನ್ನು ಬದಲಿಸಿದರೆ ದಪ್ಪ ಮೊದಲಿನಷ್ಟೇ ಇರಲಿ. ಅರ್ಧ ಮಿಲಿಮೀಟರ್ ಹೆಚ್ಚಾದರೂ ಹೀಟ್‌ಸಿಂಕ್ ಚಿಪ್ಪಿಗೆ ಸರಿಯಾಗಿ ತಾಗದೆ ಮೊದಲಿಗಿಂತ ಹೆಚ್ಚು ಕಾಯುತ್ತದೆ. ಸ್ಕ್ರೂಗಳ ಪಕ್ಕದಲ್ಲೇ 1, 2, 3, 4 ಎಂದು ಅಚ್ಚಾಗಿರುತ್ತದೆ, ಬಿಗಿಯುವಾಗ ಆ ಕ್ರಮ ಬಿಡಬೇಡಿ.

ಗಿರಗಾಂವ್‌ನ ಹಳೇ ಕಟ್ಟಡದಲ್ಲಿ ನಮ್ಮ ವಾಸ. ಚಾರ್ಜಿಗೆ ಹಾಕಿದಾಗ ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದರೆ ಜುಮ್ ಅನ್ನುತ್ತದೆ. ಅಪಾಯವೇ? — ಓದುಗರು, ಮುಂಬೈ

ಎರಡು ಪಿನ್ನಿನ ಕನ್ವರ್ಟರ್ ಹಾಕಿದ್ದೀರಾ, ಅಥವಾ ಸಾಕೆಟ್ಟಿಗೆ ಅರ್ಥಿಂಗ್ ಇಲ್ಲವೇ ನೋಡಿ. ಅಡಾಪ್ಟರಿನೊಳಗಿನ ಫಿಲ್ಟರ್ ಕೆಪಾಸಿಟರುಗಳ ಮೂಲಕ ಅತ್ಯಲ್ಪ ಕರೆಂಟ್ ಸೋರುತ್ತಿರುತ್ತದೆ, ಅರ್ಥ್ ಇದ್ದರೆ ಅಲ್ಲಿಗೆ ಇಳಿದುಹೋಗುತ್ತದೆ. ಇಲ್ಲದಿದ್ದರೆ ನಿಮ್ಮ ಬೆರಳಿಗೆ. ಬರಿ ಜುಮ್ ಎನ್ನುವಷ್ಟಾದರೆ ಜೀವಕ್ಕೆ ಭಯವಿಲ್ಲ. ಅರ್ಥಿಂಗ್ ಇರುವ ಟಿವಿಗೋ ಪ್ರೊಜೆಕ್ಟರಿಗೋ ಕೇಬಲ್ ಚುಚ್ಚುವ ಕ್ಷಣದಲ್ಲಿ ಮಾತ್ರ ಅದೇ ಕರೆಂಟ್ ಪೋರ್ಟಿನ ಮೂಲಕ ಹಾಯ್ದು ಪೋರ್ಟನ್ನು ಕೆಡಿಸಬಲ್ಲದು. ಎಲೆಕ್ಟ್ರಿಷಿಯನ್ ಕರೆಸಿ ಅಳೆಸಿ: ಫೇಸ್–ಅರ್ಥ್ ನಡುವೆ ಸುಮಾರು 230 ವೋಲ್ಟ್, ನ್ಯೂಟ್ರಲ್–ಅರ್ಥ್ ನಡುವೆ ಕೆಲವೇ ವೋಲ್ಟ್ ಇರಬೇಕು. ಅರ್ಥ್ ಪಿನ್ನನ್ನು ಸಾಕೆಟ್ಟಿನೊಳಗೇ ನ್ಯೂಟ್ರಲ್‌ಗೆ ಕಟ್ಟಿಕೊಡುತ್ತೇನೆ ಅಂದರೆ ಒಪ್ಪಲೇಬೇಡಿ. ನ್ಯೂಟ್ರಲ್ ತಂತಿ ಎಲ್ಲೋ ತುಂಡಾದ ದಿನ ಲ್ಯಾಪ್‌ಟಾಪಿನ ಮೈಗೇ ಫೇಸ್ ಬರುತ್ತದೆ. ಆಗ ಪ್ರಾಣಾಪಾಯ.

ಮಳೆಗಾಲದ ತೇವಕ್ಕೆ ಟಚ್‌ಪ್ಯಾಡ್ ಮೇಲೆದ್ದಿದೆ, ಕ್ಲಿಕ್ ಆಗುತ್ತಿಲ್ಲ. ಬಿಸಿಲಿಗೆ ಇಟ್ಟರೆ ಸರಿಹೋದೀತೇ? — ಓದುಗರು, ವಾಸ್ಕೊ

ದಯವಿಟ್ಟು ಬಿಸಿಲಿಗೆ ಇಡಬೇಡಿ. ತೇವಕ್ಕೆ ಹೀಗಾಗುವುದಿಲ್ಲ, ಟಚ್‌ಪ್ಯಾಡ್ ಕೆಳಗಿನ ಬ್ಯಾಟರಿ ಉಬ್ಬಿ ಅದನ್ನು ಎತ್ತಿರುವ ಸಾಧ್ಯತೆಯೇ ಹೆಚ್ಚು. ಈಗಲೇ ಆಫ್ ಮಾಡಿ, ಚಾರ್ಜಿಗೆ ಹಾಕಬೇಡಿ, ಒತ್ತಿ ಕೂರಿಸಲು ನೋಡಬೇಡಿ. ಒಳಗೆ ಅನಿಲ ತುಂಬಿದ ಲಿಥಿಯಂ ಸೆಲ್ ಚುಚ್ಚಿದರೆ ಬೆಂಕಿ ಹತ್ತಬಹುದು. ಸರ್ವಿಸ್ ಸೆಂಟರಿನಲ್ಲಿ ತೆಗೆಸಿ, ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಿ. ಮನೆಕಸಕ್ಕೆ ಹಾಕುವಂತಿಲ್ಲ, ವಿಮಾನದಲ್ಲಿ ಒಯ್ಯುವಂತಿಲ್ಲ.

ಉಬ್ಬಲು ಕಾರಣ ಸಾಮಾನ್ಯವಾಗಿ ಎರಡು: ಸದಾ ಪ್ಲಗ್ಗಿನಲ್ಲೇ ಇದ್ದು 100 ಶೇಕಡ ತುಂಬಿರುವುದು, ಜೊತೆಗೆ ಶಾಖ. ಹೊಸ ಬ್ಯಾಟರಿ ಬಂದ ದಿನವೇ ಚಾರ್ಜಿನ ಮಿತಿಯನ್ನು 80 ಶೇಕಡಕ್ಕೆ ಇಡಿ. ಲೆನೊವೊದಲ್ಲಿ ವ್ಯಾಂಟೇಜ್ ಆ್ಯಪಿನಲ್ಲಿ, ಎಚ್‌ಪಿ ಮತ್ತು ಡೆಲ್‌ನಲ್ಲಿ ಬಯೋಸ್‌ನಲ್ಲಿ ಈ ಸೌಲಭ್ಯ ಸಿಗುತ್ತದೆ. ತೇವದ ಚಿಂತೆ ಇರಬೇಕಾದ್ದು ಬೇರೆ ಕಡೆ. ಏಸಿ ಕೋಣೆಯಿಂದ ತಣ್ಣಗಿನ ಲ್ಯಾಪ್‌ಟಾಪನ್ನು ಗೋವಾದ ಸೆಕೆಗೆ ತಂದರೆ ಅದರ ಮೇಲೆ ನೀರು ಹನಿಗಟ್ಟುತ್ತದೆ. ಅರ್ಧ ಗಂಟೆ ಬ್ಯಾಗಿನಲ್ಲೇ ಬಿಟ್ಟು ಆಮೇಲೆ ಆನ್ ಮಾಡಿ.

32 ಜಿಬಿಯ ಎರಡು ಡಿಡಿಆರ್5 ಮೆಮೊರಿ ಹಾಕಿದೆ. ಸ್ಕ್ರೀನ್ ಕಪ್ಪು. — ಓದುಗರು, ಹಿಂಜವಡಿ

ಹತ್ತು ನಿಮಿಷ ಕಾಯಿರಿ. ಹೊಸ ಮೆಮೊರಿ ಹಾಕಿದಾಗ ಮೊದಲ ಸಲ ಯಂತ್ರ ಅದರ ಹೊಂದಾಣಿಕೆ ಮಾಡಿಕೊಳ್ಳುತ್ತದೆ, ನಡುವೆ ಪವರ್ ಒತ್ತಿ ಆಫ್ ಮಾಡಿದರೆ ಮತ್ತೆ ಮೊದಲಿಂದ. ಆಮೇಲೂ ಬಾರದಿದ್ದರೆ ಒಂದೇ ಮೆಮೊರಿ ಪಟ್ಟಿ ಹಾಕಿ, ಪ್ರತಿ ಸ್ಲಾಟಿನಲ್ಲೂ ಪರೀಕ್ಷಿಸಿ. ಎರಡೂ ಸರಿಯಾಗಿ ಕೆಲಸ ಮಾಡತೊಡಗಿದ ಮೇಲೆ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ರಾತ್ರಿಯಿಡೀ ಓಡಿಸಿ. ಒಂದೇ ಒಂದು ದೋಷ ಕಂಡರೂ ಅಂಗಡಿಗೆ ವಾಪಸ್ ಮಾಡಿ.

ಲ್ಯಾಮಿಂಗ್ಟನ್ ರೋಡಿನಲ್ಲಿ ಕಂಪನಿಗಳು ಬಿಟ್ಟ ಹಳೆಯ ವರ್ಕ್‌ಸ್ಟೇಷನ್ ಅಗ್ಗಕ್ಕೆ ಸಿಗುತ್ತಿದೆ. ಏನು ನೋಡಬೇಕು? — ಓದುಗರು, ಡೊಂಬಿವಲಿ

ಮೊದಲು ಬೀಗ, ಆಮೇಲೆ ಬಿಡಿಭಾಗ. ಬಯೋಸ್ ತೆರೆಯಿರಿ. ಪಾಸ್‌ವರ್ಡ್ ಕೇಳಿದರೆ ಅಲ್ಲಿಗೇ ಬಿಡಿ, ಥಿಂಕ್‌ಪ್ಯಾಡ್‌ನಲ್ಲಿ ಸೂಪರ್‌ವೈಸರ್ ಪಾಸ್‌ವರ್ಡ್ ಮರೆತರೆ ಕಂಪನಿ ಹೇಳುವ ದಾರಿ ಮದರ್‌ಬೋರ್ಡ್ ಬದಲಿಸುವುದೊಂದೇ. ಅಂಗಡಿಯವರ ಎದುರೇ ವಿಂಡೋಸ್ ರೀಸೆಟ್ ಮಾಡಿಸಿ, ವೈಫೈಗೆ ಸೇರಿಸಿ. ಯಾವುದೋ ಕಂಪನಿಯ ಹೆಸರು ತೋರಿಸಿ ಆಫೀಸ್ ಲಾಗಿನ್ ಕೇಳಿದರೆ ಆ ಯಂತ್ರ ಇನ್ನೂ ಆ ಕಂಪನಿಯ ನೋಂದಣಿಯಲ್ಲೇ ಇದೆ. ಇಂಟರ್ನೆಟ್ ಇಲ್ಲದೆ ಸೆಟಪ್ ಮುಗಿಸಿ ಕೊಟ್ಟರೆ ಈ ವಿಷಯ ಆಗ ಬಯಲಾಗುವುದಿಲ್ಲ.

ಮುಂದೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಎಸ್‌ಎಸ್‌ಡಿ ಆರೋಗ್ಯ, ವಿಂಡೋಸ್‌ನ ಬ್ಯಾಟರಿ ರಿಪೋರ್ಟಿನಲ್ಲಿ ಮೂಲ ಸಾಮರ್ಥ್ಯಕ್ಕೂ ಈಗಿನದಕ್ಕೂ ಇರುವ ಅಂತರ ನೋಡಿ. ಇಪ್ಪತ್ತು ನಿಮಿಷ ಪ್ರೊಸೆಸರ್, ಗ್ರಾಫಿಕ್ಸ್ ಎರಡಕ್ಕೂ ಭಾರ ಹೇರಿ ಓಡಿಸಿ. ಮೂಲ ಅಡಾಪ್ಟರ್ ಇಲ್ಲದಿದ್ದರೆ ಅದರ ಬೆಲೆ ಕಳೆದು ಚೌಕಾಸಿ ಮಾಡಿ.

ಮದರ್‌ಬೋರ್ಡ್ ಬದಲಿಸಿದ ಮೇಲೆ ಬಿಟ್‌ಲಾಕರ್ 48 ಅಂಕಿಯ ಕೀ ಕೇಳುತ್ತಿದೆ. — ಓದುಗರು, ಪಣಜಿ

ಬಿಟ್‌ಲಾಕರ್ ಎಂದರೆ ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ. ಆ ಬೀಗ ತಾನಾಗಿ ತೆರೆಯಲು ಕೀ ಕಾದಿಟ್ಟಿದ್ದ ಟಿಪಿಎಂ ಚಿಪ್ ಹಳೆಯ ಬೋರ್ಡಿನ ಜೊತೆ ಹೋಯಿತು, ಅದಕ್ಕೇ ಕೇಳುತ್ತಿದೆ. ಮೈಕ್ರೋಸಾಫ್ಟ್ ಖಾತೆಗೆ ಬೇರೆ ಸಾಧನದಿಂದ ಲಾಗಿನ್ ಆಗಿ ರಿಕವರಿ ಕೀ ಹುಡುಕಿ. ಆಫೀಸಿನ ಲ್ಯಾಪ್‌ಟಾಪಾದರೆ ಅದು ಐಟಿ ವಿಭಾಗದಲ್ಲಿರುತ್ತದೆ. ಕೀ ಸಿಗದಿದ್ದರೆ ಡಿಸ್ಕಿನ ಮಾಹಿತಿ ತೆಗೆಯುವ ದಾರಿಯಿಲ್ಲ. ದುಡ್ಡು ಕೊಟ್ಟರೆ ತೆಗೆದುಕೊಡುತ್ತೇವೆ ಎನ್ನುವವರನ್ನು ನಂಬಬೇಡಿ. ಇನ್ನು ಮುಂದೆ ಬಯೋಸ್ ಅಪ್‌ಡೇಟ್ ಇರಲಿ, ಬೋರ್ಡ್ ಕೆಲಸ ಇರಲಿ, ಮೊದಲು ಕೀ ಕಾಗದದ ಮೇಲೆ ಬರೆದಿಡಿ, ಬಿಟ್‌ಲಾಕರನ್ನು ಸಸ್ಪೆಂಡ್ ಮಾಡಿ (ತಾತ್ಕಾಲಿಕವಾಗಿ ತಡೆದು), ಆಮೇಲೆ ಯಂತ್ರ ಕೊಡಿ.